ಮುಂಬೈಯಿಂದ ಜಿದ್ದಾಕ್ಕೆ: ದೂರ ಒಂದೇ, ಕಾಯುವಿಕೆ ಬೇರೆ ಬೇರೆ

ಮುಂಬೈ ವಿಮಾನ ನಿಲ್ದಾಣದಿಂದ ಜಿದ್ದಾ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 3,500 ಕಿಲೋಮೀಟರ್. ವಿಮಾನ ಹತ್ತಿದರೆ ಐದು ಗಂಟೆಗಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಿಂದಾದರೆ ಸುಮಾರು 4,200 ಕಿಲೋಮೀಟರ್, ಆರು ಗಂಟೆಯ ಆಸುಪಾಸು. ಫಜ್ರ್ ನಮಾಝನ್ನು ತನ್ನ ಮೊಹಲ್ಲಾದ ಮಸೀದಿಯಲ್ಲಿ ಮುಗಿಸಿ ಹೊರಟವನು, ಎಲ್ಲವೂ ಸುಗಮವಾಗಿದ್ದರೆ, ಅದೇ ದಿನ ಇಶಾ ನಮಾಝನ್ನು ಮಸ್ಜಿದುಲ್ ಹರಾಮಿನಲ್ಲಿ ನಿರ್ವಹಿಸಬಹುದು. ನಮ್ಮ ಅಜ್ಜಂದಿರಿಗೆ ಹೇಳಿದ್ದರೆ ಅವರು ಇದನ್ನು ನಂಬುತ್ತಿರಲಿಲ್ಲ.

ಆದ್ದರಿಂದಲೇ ನಾವು ಸಾಮಾನ್ಯವಾಗಿ ಒಂದು ಮಾತು ಹೇಳುತ್ತೇವೆ: ಹಿಂದೆ ಮಕ್ಕಾ ದೂರವಿತ್ತು, ಈಗ ಹತ್ತಿರವಾಗಿದೆ. ಈ ಮಾತು ಅರ್ಧ ಮಾತ್ರ ನಿಜ. ಮಕ್ಕಾ ಎಲ್ಲಿತ್ತೋ ಅಲ್ಲಿಯೇ ಇದೆ, ದೂರ ಒಂದು ಮೈಲಿಯೂ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ಸಾಗುವ ಸಮಯ. ಆದರೆ ಹಜ್ಜ್ ಪ್ರಯಾಣದ ಇತಿಹಾಸವನ್ನು ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಯಾತ್ರಿಕನ ದಿನಗಳನ್ನು ನುಂಗಿದ್ದು ಬಹುಪಾಲು ಸಾಗುವ ಸಮಯವಲ್ಲ, ಕಾಯುವ ಸಮಯ. ಗಾಳಿಗಾಗಿ, ಪಾಸ್‌ಗಾಗಿ, ರೋಗದ ತಪಾಸಣೆಗಾಗಿ, ಹಡಗಿನ ಟಿಕೆಟ್‌ಗಾಗಿ ಒಂದೊಂದು ಕಾಲದ ಜನ ಕಾದರು. ಇಂದು ನಾವೂ ಕಾಯುತ್ತಿದ್ದೇವೆ, ಬೇರೊಂದು ರೀತಿಯಲ್ಲಿ. ಈ ಕಾಯುವಿಕೆಯ ಕಥೆ ತಿಳಿದರೆ ಐದು ಗಂಟೆಯ ಪ್ರಯಾಣದ ಬೆಲೆಯೂ ತಿಳಿಯುತ್ತದೆ.

ದೂರ ಮೊದಲೇ ಗೊತ್ತಿತ್ತು

ಎರಡು ಊರುಗಳ ನಡುವಿನ ವಿಮಾನದ ದೂರ ಎಂದರೆ ಭೂಮಿಯ ಗೋಳದ ಮೇಲೆ ಅವೆರಡನ್ನು ಸೇರಿಸುವ ಅತಿ ಚಿಕ್ಕ ಗೆರೆಯ ಉದ್ದ. ಗೋಡೆಯ ಮೇಲಿನ ಚಪ್ಪಟೆ ನಕಾಶೆಯಲ್ಲಿ ಮುಂಬೈ ಮತ್ತು ಜಿದ್ದಾ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿವೆ. ಜಿದ್ದಾ ಎರಡೂವರೆ ಡಿಗ್ರಿಯಷ್ಟು ಮಾತ್ರ ಉತ್ತರಕ್ಕಿದೆ. ಹಾಗಿದ್ದರೂ ಅತಿ ಚಿಕ್ಕ ಗೆರೆ ಮುಂಬೈಯಿಂದ ಹೊರಡುವಾಗ ನೇರ ಪಶ್ಚಿಮಕ್ಕಲ್ಲ, ಸುಮಾರು ಹತ್ತು ಡಿಗ್ರಿ ಉತ್ತರಕ್ಕೆ ವಾಲಿ ಹೊರಡುತ್ತದೆ. ಭೂಮಿ ಉರುಟಾಗಿರುವುದೇ ಇದಕ್ಕೆ ಕಾರಣ.

ಈ ಲೆಕ್ಕ ವಿಮಾನದ ಜೊತೆ ಹುಟ್ಟಿದ್ದಲ್ಲ. ಕಿಬ್ಲಾದ ದಿಕ್ಕನ್ನು ಕಂಡುಹಿಡಿಯುವ ಲೆಕ್ಕವೂ ಇದೇ. ಮುಂಬೈಯ ಕಿಬ್ಲಾ ನೇರ ಪಶ್ಚಿಮದಿಂದ ಸುಮಾರು ಹತ್ತು ಡಿಗ್ರಿ ಉತ್ತರಕ್ಕಿದೆ, ಬೆಂಗಳೂರಿನದು ಹದಿನೆಂಟು ಡಿಗ್ರಿಗೂ ಹೆಚ್ಚು. ಗೋಳದ ಮೇಲಿನ ಈ ರೇಖಾಗಣಿತವನ್ನು ಮುಸ್ಲಿಮ್ ವಿದ್ವಾಂಸರು ಸಾವಿರ ವರ್ಷಗಳ ಹಿಂದೆಯೇ ಬೆಳೆಸಿದ್ದರು. ಅವರಲ್ಲಿ ಅಬೂ ರೈಹಾನ್ ಅಲ್ ಬಿರೂನಿಯವರ ಹೆಸರು ದೊಡ್ಡದು. ಕ್ರಿ.ಶ. 1025ರಲ್ಲಿ ಅವರು ಪೂರ್ಣಗೊಳಿಸಿದ ಒಂದು ಗ್ರಂಥದ ಮುಖ್ಯ ಪ್ರಶ್ನೆ ಘಜ್ನಿ ಪಟ್ಟಣದ ಕಿಬ್ಲಾ ಯಾವ ಕಡೆಗೆ ಎಂಬುದಾಗಿತ್ತು.

ಅದಕ್ಕಾಗಿ ಅವರು ಮಾಡಿದ ಕೆಲಸ ಕುತೂಹಲದ್ದು. ಬಗ್ದಾದ್‌ನಿಂದ ಘಜ್ನಿವರೆಗಿನ ಊರುಗಳನ್ನು ಸಾಲಾಗಿ ತೆಗೆದುಕೊಂಡರು. ಒಂದು ಸಾಲು ಉತ್ತರದ ರಯ್, ಬಲ್ಖ್ ಕಡೆಯಿಂದ, ಇನ್ನೊಂದು ದಕ್ಷಿಣದ ಶಿರಾಝ್ ಕಡೆಯಿಂದ. ವರ್ತಕರ ಒಂಟೆ ಕಾರವಾನುಗಳು ಊರಿಂದೂರಿಗೆ ಎಷ್ಟು ಫರ್ಸಖ್ ನಡೆಯುತ್ತವೆ ಎಂಬ ಲೆಕ್ಕ ಜನರಲ್ಲಿತ್ತು. ಆದರೆ ಹಾದಿ ಬೆಟ್ಟ ಬಳಸಿ, ನೀರಿನ ಬಾವಿ ಹುಡುಕಿ ಸುತ್ತಿಕೊಂಡು ಹೋಗುತ್ತದೆ. ಆ ಸುತ್ತನ್ನು ಅಂದಾಜು ಮಾಡಿ ಕಳೆದು, ಉಳಿದದ್ದನ್ನು ನೇರ ದೂರವೆಂದು ಹಿಡಿದು ಲೆಕ್ಕ ಹಾಕಿದರು. ಬಗ್ದಾದ್ ಮತ್ತು ಘಜ್ನಿಗಳ ನಡುವೆ ಅವರಿಗೆ ಸಿಕ್ಕ ರೇಖಾಂಶದ ಅಂತರ ಇಂದಿನ ಅಳತೆಗೆ ಅರ್ಧ ಡಿಗ್ರಿಯೊಳಗೆ ಬರುತ್ತದೆ. ಒಂಟೆಯ ಹೆಜ್ಜೆಯಿಂದ ಹಕ್ಕಿ ಹಾರುವ ದಾರಿಯನ್ನು ತೆಗೆದ ಲೆಕ್ಕವದು.

ಅಂದರೆ ಮಕ್ಕಾ ಎಷ್ಟು ದೂರ, ಯಾವ ದಿಕ್ಕಿಗೆ ಎಂಬುದು ಒಂಬೈನೂರು, ಸಾವಿರ ವರ್ಷಗಳ ಹಿಂದೆಯೇ ಬಲ್ಲವರಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಗೆರೆಯ ಮೇಲೆ ನಡೆಯಲು ಯಾರಿಗೂ ಸಾಧ್ಯವಿರಲಿಲ್ಲ. ನಡುವೆ ಸಮುದ್ರವಿತ್ತು, ಮರಳುಗಾಡಿತ್ತು, ರಾಜರಿದ್ದರು.

ಹಡಗಿನ ದಾರಿ ಮತ್ತು ಗಾಳಿಯ ಗಡುವು

ಹಿಂದೂಸ್ತಾನದಿಂದ ಹೊರಟ ಹಡಗು ಅರಬೀ ಸಮುದ್ರ ದಾಟಿ, ಏಡನ್ ಕೊಲ್ಲಿಗೆ ಬಂದು, ಬಾಬುಲ್ ಮಂದಬ್ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ನುಸುಳಿ, ಕೆಂಪು ಸಮುದ್ರದಲ್ಲಿ ಉತ್ತರಕ್ಕೆ ಏರಿ ಜಿದ್ದಾ ಸೇರಬೇಕು. ಮುಂಬೈಯಿಂದ ಈ ದಾರಿ ಸುಮಾರು 2,300 ನಾವಿಕ ಮೈಲಿ, ಎಂದರೆ 4,200 ಕಿಲೋಮೀಟರಿಗೂ ಹೆಚ್ಚು. ವಿಮಾನದ ಗೆರೆಗಿಂತ ಏಳುನೂರು ಕಿಲೋಮೀಟರಿನಷ್ಟು ಸುತ್ತು. ಅದೇನೂ ಭಾರೀ ವ್ಯತ್ಯಾಸವಲ್ಲ. ವ್ಯತ್ಯಾಸ ಮಾಡುತ್ತಿದ್ದುದು ಗಾಳಿ.

ಹಾಯಿ ಹಡಗಿನ ಕಾಲದಲ್ಲಿ ಅರಬೀ ಸಮುದ್ರದ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ಮಾನ್ಸೂನ್ ಮಾರುತಗಳ ಕೆಲಸ. ಚಳಿಗಾಲದ ತಿಂಗಳುಗಳಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಹಡಗನ್ನು ಅರೇಬಿಯಾದ ಕಡೆಗೆ ತಳ್ಳುತ್ತದೆ. ಜೂನ್ ಬಂತೆಂದರೆ ನೈರುತ್ಯದ ಗಾಳಿ, ನಮ್ಮ ಕರಾವಳಿಯ ಬಂದರುಗಳಿಗೆಲ್ಲ ಬೀಗ. ಆ ಗಾಳಿಯ ಅಬ್ಬರ ಇಳಿಯುತ್ತಾ ಬಂದ ಮೇಲೆ ಅದನ್ನೇ ಹಿಡಿದು ಹಡಗುಗಳು ಮರಳುತ್ತಿದ್ದವು. ಒಂದು ಸಲ ಗಾಳಿ ತಪ್ಪಿದರೆ ಮುಂದಿನ ಋತುವಿನವರೆಗೆ ಬಂದರಿನಲ್ಲೇ ವಾಸ. ಕೆಂಪು ಸಮುದ್ರದ ಉತ್ತರ ಭಾಗದಲ್ಲಂತೂ ವರ್ಷದ ಬಹುಕಾಲ ಗಾಳಿ ಉತ್ತರದಿಂದಲೇ ಎದುರಾಗಿ ಬೀಸುತ್ತದೆ. ಹೀಗಾಗಿ ಹಿಂದೂಸ್ತಾನದ ಹಡಗುಗಳಿಗೆ ಮೋಖಾ ಅಥವಾ ಜಿದ್ದಾವೇ ಕೊನೆಯ ನಿಲ್ದಾಣ.

ಇಲ್ಲೊಂದು ಸೂಕ್ಷ್ಮ ಸಂಗತಿಯಿದೆ. ಗಾಳಿ ಸೂರ್ಯನ ಲೆಕ್ಕದಲ್ಲಿ ಬೀಸುತ್ತದೆ, ಹಜ್ಜ್ ಚಂದ್ರನ ಲೆಕ್ಕದಲ್ಲಿ ಬರುತ್ತದೆ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ದುಲ್ ಹಜ್ಜ್ ತಿಂಗಳು ಮೂವತ್ತಮೂರು ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕೆಲವು ವರ್ಷ ಹಡಗು ಮುಟ್ಟಿದ ಕೆಲವೇ ವಾರಗಳಲ್ಲಿ ಹಜ್ಜ್ ಬರುತ್ತಿತ್ತು. ಇನ್ನು ಕೆಲವು ವರ್ಷ ಮುಟ್ಟಿದ ಮೇಲೆ ಹಲವು ತಿಂಗಳು ಕಾಯಬೇಕಿತ್ತು, ಹಜ್ಜ್ ಮುಗಿದ ಮೇಲೆ ಮರಳುವ ಗಾಳಿಗಾಗಿ ಮತ್ತೆ ಕಾಯಬೇಕಿತ್ತು. ಒಂದೇ ಊರಿನ ತಂದೆ ಒಂದು ವರ್ಷದೊಳಗೆ ಮರಳಿ, ಅದೇ ದಾರಿಯಲ್ಲಿ ಹೋದ ಮಗನಿಗೆ ಎರಡು ವರ್ಷ ಹಿಡಿದರೆ ಅದಕ್ಕೆ ದೂರವಾಗಲೀ ಹಡಗಾಗಲೀ ಕಾರಣವಲ್ಲ, ಎರಡು ಪಂಚಾಂಗಗಳ ನಡುವಿನ ಅಂತರ ಕಾರಣ.

ಸೂರತ್‌ನಲ್ಲಿ ಒಂದು ವರ್ಷ

ಗಾಳಿಯ ನಂತರ ಮನುಷ್ಯರ ಅಡ್ಡಿ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅರಬೀ ಸಮುದ್ರವನ್ನು ತಮ್ಮದೆಂದು ಸಾರಿದರು. ಯಾವ ಹಡಗು ಹೊರಟರೂ ಅವರಿಂದ 'ಕಾರ್ತಾಝ್' ಎಂಬ ಪಾಸ್ ಪಡೆಯಬೇಕು. ಪಾಸ್ ಇಲ್ಲದ ಹಡಗನ್ನು ಹಿಡಿಯುತ್ತಿದ್ದರು, ಸುಡುತ್ತಿದ್ದರು. ಮೊಗಲರ ಸೂರತ್ ಬಂದರಿಗೂ ಇದೇ ಪಾಡು, ಬಿಜಾಪುರದ ಆದಿಲ್‌ಶಾಹಿಗಳ ದಾಭೋಳ ಬಂದರಿಗೂ ಇದೇ ಪಾಡು.

ಅಕ್ಬರ್ ಬಾದಶಹನ ಸೋದರತ್ತೆ ಗುಲ್‌ಬದನ್ ಬೇಗಂ ಅವರ ಹಜ್ಜ್ ಯಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಹುಮಾಯೂನ್ ನಾಮಾ ಬರೆದ ವಿದುಷಿ ಇವರೇ. 1575ರಲ್ಲಿ ರಾಜಮನೆತನದ ಹಲವು ಮಹಿಳೆಯರೊಂದಿಗೆ ಫತೇಪುರ್ ಸಿಕ್ರಿಯಿಂದ ಹೊರಟರು. ಖರ್ಚಿಗೆ ಬಾದಶಹನ ಖಜಾನೆಯಿತ್ತು, ಹಡಗು ಸಿದ್ಧವಿತ್ತು, ಸೂರತ್ ಬಂದರು ಆಗಷ್ಟೇ ಮೊಗಲರ ಕೈಗೆ ಬಂದಿತ್ತು. ಆದರೂ ಪಾಸ್‌ಗಾಗಿ ಸುಮಾರು ಒಂದು ವರ್ಷ ಸೂರತ್‌ನಲ್ಲಿ ಕಾಯಬೇಕಾಯಿತು. 1576ರಲ್ಲಿ ಹಡಗು ಹೊರಟಿತು. ಅವರು ಹರಮಿನ ನಾಡಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು ಹಲವು ಹಜ್ಜ್ ನಿರ್ವಹಿಸಿದರು. ಮರಳುವಾಗ ಏಡನ್ ಬಳಿ ಹಡಗು ಒಡೆದು ಅಲ್ಲಿಯೂ ತಿಂಗಳುಗಟ್ಟಲೆ ಸಿಕ್ಕಿಕೊಂಡರು. ಫತೇಪುರ್ ಸಿಕ್ರಿಗೆ ಮುಟ್ಟಿದ್ದು 1582ರಲ್ಲಿ. ಹೊರಟಾಗ ಐವತ್ತು ದಾಟಿದ್ದ ಮಹಿಳೆಯ ಬದುಕಿನ ಆರೂವರೆ ವರ್ಷ ಈ ಒಂದು ಯಾತ್ರೆಗೆ ಸಂದಿತು. ಅದರಲ್ಲಿ ಸಮುದ್ರದ ಮೇಲೆ ಸಾಗಿದ ದಿನಗಳು ಅತ್ಯಲ್ಪ.

ಇದೇ ಕಾಲದಲ್ಲಿ ಉಲಮಾಗಳ ನಡುವೆ ಒಂದು ಗಂಭೀರ ಚರ್ಚೆ ಎದ್ದಿತು. ಹಜ್ಜ್ ಕಡ್ಡಾಯವಾಗಲು ದಾರಿಯ ಸುರಕ್ಷತೆಯೂ ಒಂದು ಶರತ್ತು. ಭೂಮಾರ್ಗದಲ್ಲಿ ಇರಾನಿನೊಂದಿಗಿನ ವೈಮನಸ್ಸು, ಜಲಮಾರ್ಗದಲ್ಲಿ ಪೋರ್ಚುಗೀಸರ ಪಾಸ್. ಆ ಪಾಸ್‌ನ ಮೇಲೆ ಹಝ್ರತ್ ಮರ್ಯಮ್ ಮತ್ತು ಹಝ್ರತ್ ಈಸಾ (ಅ) ಅವರ ಚಿತ್ರ ಅಚ್ಚಾಗಿರುತ್ತಿತ್ತು. ಅಂಥ ಕಾಗದವನ್ನು ಹಿಡಿದು ಹೋಗಬೇಕಾದ ಸ್ಥಿತಿಯಲ್ಲಿ ಹಜ್ಜ್ ಕಡ್ಡಾಯವಲ್ಲವೆಂದು ಆ ಕಾಲದ ಪ್ರಮುಖ ಆಲಿಮ್ ಮಖ್ದೂಮುಲ್ ಮುಲ್ಕ್ ಫತ್ವಾ ಕೊಟ್ಟದ್ದನ್ನು ಇತಿಹಾಸಕಾರ ಬದಾಯೂನಿ ದಾಖಲಿಸಿದ್ದಾರೆ. ಆ ಫತ್ವಾದ ಬಗ್ಗೆ ಬದಾಯೂನಿಯವರಿಗೇ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಜನ ಮಾತ್ರ ಹೋಗುವುದನ್ನು ನಿಲ್ಲಿಸಲಿಲ್ಲ.

ಪಾಸ್ ಇದ್ದರೂ ಭಯ ತಪ್ಪಿದ್ದಲ್ಲ. ಜಹಾಂಗೀರ್ ಬಾದಶಹನ ತಾಯಿಗೆ ಸೇರಿದ 'ರಹೀಮಿ' ಎಂಬ ದೊಡ್ಡ ಹಡಗಿನ ಬಳಿ ಪೋರ್ಚುಗೀಸರ ಪಾಸ್ ಇತ್ತು. ಆದರೂ 1613ರಲ್ಲಿ ಅವರೇ ಅದನ್ನು ವಶಪಡಿಸಿಕೊಂಡರು. 1695ರಲ್ಲಿ ಔರಂಗಝೇಬನ 'ಗಂಜ್-ಇ-ಸವಾಯಿ' ಹಡಗು ಹಾಜಿಗಳನ್ನು ಹೊತ್ತು ಮರಳುತ್ತಿದ್ದಾಗ, ಸೂರತ್ ಇನ್ನೇನು ಹತ್ತಿರವಿರುವಾಗ, ಹೆನ್ರಿ ಎವೆರಿ ಎಂಬ ಇಂಗ್ಲಿಷ್ ಕಡಲುಗಳ್ಳ ಅದನ್ನು ದೋಚಿದ. ಹಡಗಿನಲ್ಲಿದ್ದ ಹೆಣ್ಣುಮಕ್ಕಳಿಗೂ ರಕ್ಷಣೆ ಇರಲಿಲ್ಲ. ಮನೆಯಿಂದ ಹೊರಡುವಾಗ ಕೊನೆಯ ಸಲಾಂ ಹೇಳಿ ಹೊರಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ತದಡಿಯಿಂದ ಹೊರಟವರು

ನಮ್ಮ ನಾಡಿನ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಮೈಸೂರಿನ ಟಿಪ್ಪು ಸುಲ್ತಾನರು ಉಸ್ಮಾನಿ ಖಲೀಫರ ಬಳಿಗೆ ಕಳುಹಿಸಿದ ರಾಯಭಾರಿಗಳ ತಂಡವದು. ಸೇವಕರು, ಸಿಪಾಯಿಗಳು, ಕಸಬುದಾರರು ಎಲ್ಲ ಸೇರಿ ಸುಮಾರು ಒಂಬೈನೂರು ಮಂದಿ. ಮಸ್ಕತ್, ಬಸ್ರಾ, ಬಗ್ದಾದ್ ಮೂಲಕ ಇಸ್ತಾಂಬುಲ್ ಸೇರಿದರು. ಅಲ್ಲಿಂದ ಈಜಿಪ್ಟ್ ದಾರಿಯಾಗಿ ಹಿಜಾಝ್‌ಗೆ ಬಂದು ಹಜ್ಜ್ ನಿರ್ವಹಿಸಿ ಊರಿಗೆ ಮರಳುವಾಗ ನಾಲ್ಕು ವರ್ಷಗಳು ಸರಿಯುತ್ತಾ ಬಂದಿದ್ದವು. ಪ್ಲೇಗ್ ಮತ್ತು ಇತರ ರೋಗಗಳು, ಸಮುದ್ರದ ಅವಘಡಗಳು ಸೇರಿ ತಂಡದ ಬಹುಪಾಲು ಮಂದಿಯನ್ನು ಬಲಿ ತೆಗೆದುಕೊಂಡಿದ್ದವು. ಮರಳಿ ಬಂದವರನ್ನು ಎಣಿಸುವುದು ಕಷ್ಟವಿರಲಿಲ್ಲ.

ಅವರಲ್ಲಿ ಹೆಚ್ಚಿನವರು ಸಾಮಾನ್ಯ ಮನೆಗಳ ಜನ. ಕಾಗದ ಪತ್ರ ಬರುವ ದಾರಿಯಿಲ್ಲದ ಆ ಕಾಲದಲ್ಲಿ ಮೈಸೂರು ಸೀಮೆಯ ಎಷ್ಟು ಮನೆಗಳಲ್ಲಿ ಹೆಂಡತಿ ಮಕ್ಕಳು ವರ್ಷಗಟ್ಟಲೆ ಬಾಗಿಲ ಕಡೆ ನೋಡುತ್ತಾ ಕುಳಿತಿರಬೇಕು! ಪ್ರಯಾಣದ ಸಮಯವನ್ನು ಹೋದವನ ಲೆಕ್ಕದಲ್ಲಿ ಮಾತ್ರ ಅಳೆದರೆ ಸಾಲದು. ಮನೆಯಲ್ಲಿ ಉಳಿದವರದ್ದೂ ಅಷ್ಟೇ ಉದ್ದದ ಕಾಯುವಿಕೆ.

ಹೊಗೆ ಹಡಗು ಬಂದರೂ

ಹತ್ತೊಂಬತ್ತನೇ ಶತಮಾನದಲ್ಲಿ ಉಗಿ ಯಂತ್ರದ ಹಡಗು ಬಂದಿತು. 1869ರಲ್ಲಿ ಸೂಯೆಝ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಹಡಗುಗಳ ಓಡಾಟ ಹೆಚ್ಚಿತು. ಗಾಳಿಯ ಹಂಗು ತೀರಿತು. ಬಾಂಬೆಯಿಂದ ಜಿದ್ದಾ ಎರಡು ಮೂರು ವಾರದ ಮಾತಾಯಿತು. ದರ ಇಳಿದದ್ದರಿಂದ ಹಿಂದೆಂದೂ ಹಜ್ಜ್ ಕನಸು ಕಾಣದ ಬಡವರೂ ಹೊರಟರು. ಸಾಗುವ ಸಮಯ ಕುಗ್ಗಿದ್ದು ನಿಜವಾಗಿ ದೊಡ್ಡ ನಿಅಮತ್.

ಆದರೆ ವೇಗದ ಜೊತೆ ರೋಗವೂ ವೇಗವಾಯಿತು. ಹಾಯಿ ಹಡಗಿನಲ್ಲಿ ಕಾಲರಾ ಹಬ್ಬಿದರೆ ದಡ ಮುಟ್ಟುವಷ್ಟರಲ್ಲಿ ಅದು ಆ ಹಡಗಿನಲ್ಲೇ ಉರಿದು ಆರುತ್ತಿದ್ದುದುಂಟು. ಉಗಿ ಹಡಗು ಅದನ್ನು ಜೀವಂತವಾಗಿ ದಡಕ್ಕೆ ತಲುಪಿಸಿತು. 1865ರ ಹಜ್ಜ್‌ನಲ್ಲಿ ಕಾಲರಾಕ್ಕೆ ಸಾವಿರಾರು ಹಾಜಿಗಳು ಬಲಿಯಾದರು. ಅಲ್ಲಿಂದ ಅದು ಈಜಿಪ್ಟ್ ಮತ್ತು ಯುರೋಪ್ ತಲುಪಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಹಲವು ದೇಶಗಳು ಸಭೆ ಸೇರಿ ಚರ್ಚಿಸಿದವು. 1882ರಲ್ಲಿ ಯಮನ್ ಕರಾವಳಿಯಾಚೆ ಕಮರಾನ್ ಎಂಬ ದ್ವೀಪದಲ್ಲಿ ಉಸ್ಮಾನಿ ಸರ್ಕಾರ ಕ್ವಾರಂಟೈನ್ ಠಾಣೆ ತೆರೆಯಿತು. ಹಿಂದೂಸ್ತಾನ ಮತ್ತು ಜಾವಾ ಕಡೆಯಿಂದ ಬರುವ ಹಾಜಿಗಳೆಲ್ಲ ಅಲ್ಲಿ ಇಳಿಯಬೇಕು. ಸ್ನಾನ, ಬಟ್ಟೆಗಳನ್ನು ಉಗಿಯಲ್ಲಿಟ್ಟು ಶುದ್ಧಿ ಮಾಡುವುದು, ತಪಾಸಣೆ. ಹಡಗಿನಲ್ಲಿ ಒಬ್ಬ ರೋಗಿ ಕಂಡರೂ ದಿನಗಳ ಎಣಿಕೆ ಮತ್ತೆ ಮೊದಲಿನಿಂದ. ಯಂತ್ರ ಉಳಿಸಿಕೊಟ್ಟ ದಿನಗಳು ಈ ಬರಡು ದ್ವೀಪದಲ್ಲಿ ಖರ್ಚಾದವು. ಜಿದ್ದಾ ಅಲ್ಲಿಂದ ಕೆಲವೇ ದಿನಗಳ ದಾರಿ. ಕಾಯುವಿಕೆ ಹೋಗಲಿಲ್ಲ, ಸೂರತ್‌ನಿಂದ ಕಮರಾನ್‌ಗೆ ಜಾಗ ಬದಲಿಸಿತು.

ಬಾಂಬೆಯಲ್ಲಿ 1896ರಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಬಾಗಿಲೇ ಮುಚ್ಚಿತು. 1897ರಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು, ಆ ವರ್ಷ ಹಿಂದೂಸ್ತಾನದಿಂದ ಹಜ್ಜ್ ಪ್ರಯಾಣವನ್ನು ತಡೆಯಿತು.

ಇನ್ನೊಂದು ಕಷ್ಟ ಮನುಷ್ಯನ ದುರಾಸೆಯದು. ಹಡಗಿನ ಮಾಲೀಕರು ಮಿತಿ ಮೀರಿ ಜನರನ್ನು ತುಂಬುತ್ತಿದ್ದರು. ಡೆಕ್ ಮೇಲೆ ಕಾಲು ಚಾಚಲೂ ಜಾಗವಿರುತ್ತಿರಲಿಲ್ಲ. ಈ ದಂಧೆ ಎಷ್ಟು ನಿರ್ದಯವಾಗಿತ್ತೆಂಬುದನ್ನು 'ಜೆಡ್ಡಾ' ಎಂಬ ಹೆಸರಿನ ಹಡಗಿನ ಘಟನೆ ಜಗತ್ತಿಗೆ ತೋರಿಸಿತು. ಅದು ಬಾಂಬೆಯ ಹಡಗಲ್ಲ, ಸಿಂಗಾಪುರ ಮತ್ತು ಪೆನಾಂಗ್‌ನಿಂದ ಜಿದ್ದಾಕ್ಕೆ ಹೊರಟದ್ದು. 1880ರ ಆಗಸ್ಟ್‌ನಲ್ಲಿ ಏಡನ್ ಕೊಲ್ಲಿಯ ಬಾಯಿಯ ಬಳಿ ಹಡಗಿಗೆ ನೀರು ನುಗ್ಗಿತು. ಕ್ಯಾಪ್ಟನ್ ಮತ್ತು ಅಧಿಕಾರಿಗಳು ಒಂಬೈನೂರಕ್ಕೂ ಹೆಚ್ಚು ಹಾಜಿಗಳನ್ನು ಬಿಟ್ಟು ದೋಣಿ ಹತ್ತಿ ಪಾರಾದರು. ಏಡನ್ ತಲುಪಿ ಹಡಗು ಮುಳುಗಿತೆಂದು ವರದಿ ಕೊಟ್ಟರು. ಆದರೆ ಹಾಜಿಗಳು ನೀರು ಮೊಗೆಯುತ್ತಾ ಹಡಗನ್ನು ತೇಲಿಸಿಕೊಂಡಿದ್ದರು. ಇನ್ನೊಂದು ಹಡಗು ಅದನ್ನು ಎಳೆದುಕೊಂಡು ಏಡನ್‌ಗೆ ತಂದಾಗ ಕ್ಯಾಪ್ಟನ್‌ನ ಸುಳ್ಳು ಬಯಲಾಯಿತು. ವಿಚಾರಣೆಯಲ್ಲಿ ಅವನ ಪರವಾನಗಿಯನ್ನು ಮೂರು ವರ್ಷಕ್ಕೆ ಅಮಾನತು ಮಾಡಿದರು, ಅಷ್ಟೇ.

ಬಾಂಬೆಯ ಮುಸಾಫಿರ್‌ಖಾನೆಗಳು

ಇಪ್ಪತ್ತನೇ ಶತಮಾನದಲ್ಲಿ ವ್ಯವಸ್ಥೆ ಸುಧಾರಿಸುತ್ತಾ ಹೋಯಿತು. ಮರಳುವ ಟಿಕೆಟ್ ಇಲ್ಲದೆ ಹೋಗಿ ಜಿದ್ದಾದಲ್ಲಿ ಗತಿಯಿಲ್ಲದೆ ಉಳಿಯುವವರ ಸಂಖ್ಯೆ ಹೆಚ್ಚಿದ್ದರಿಂದ, 1920ರ ದಶಕದಲ್ಲಿ ಮರುಪ್ರಯಾಣದ ಟಿಕೆಟ್ ಅಥವಾ ಠೇವಣಿಯನ್ನು ಕಾನೂನು ಕಡ್ಡಾಯ ಮಾಡಿತು. 1932ರಲ್ಲಿ ಬಂದರು ಹಜ್ಜ್ ಸಮಿತಿಗಳ ಕಾಯ್ದೆ ಬಂದಿತು. ಮೊಗಲ್ ಲೈನ್ ಕಂಪನಿಯ ಹಡಗುಗಳು ದಶಕಗಳ ಕಾಲ ಹಾಜಿಗಳನ್ನು ಸಾಗಿಸಿದವು. ಅಕ್ಬರ್, ನೂರ್‌ಜಹಾನ್, ಮುಹಮ್ಮದಿ ಮುಂತಾದ ಹಡಗುಗಳ ಹೆಸರು ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ.

ಆ ದಿನಗಳಲ್ಲಿ ನಮ್ಮ ಊರುಗಳ ಹಾಜಿಗಳು ಬಸ್ಸು, ರೈಲು ಹಿಡಿದು ಮೊದಲು ಬಾಂಬೆ ಸೇರಬೇಕಿತ್ತು. ಅಲ್ಲಿನ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಂಥ ಕಡೆ ಇಳಿದುಕೊಂಡು ಹಡಗಿನ ದಿನಕ್ಕಾಗಿ ಕಾಯಬೇಕಿತ್ತು. ಹಡಗು ಹತ್ತಿದ ಮೇಲೆ ಹನ್ನೆರಡರಿಂದ ಹದಿನೈದು ದಿನ. ಜಿದ್ದಾದಿಂದ ಮಕ್ಕಾ ಎಪ್ಪತ್ತು ಎಂಬತ್ತು ಕಿಲೋಮೀಟರ್. ಮಕ್ಕಾದಿಂದ ಮದೀನಾ ಸುಮಾರು 450 ಕಿಲೋಮೀಟರ್, ಒಂಟೆಯ ಕಾಲದಲ್ಲಿ ಹತ್ತು ಹನ್ನೆರಡು ದಿನದ ದಾರಿ. ನಂತರ ಮೋಟಾರು ಬಂದಿತು. 2018ರಿಂದ ಹರಮೈನ್ ವೇಗದ ರೈಲು ಅದನ್ನು ಎರಡೂವರೆ ಗಂಟೆಗೆ ಇಳಿಸಿದೆ.

ಹಡಗಿನ ಆ ಎರಡು ವಾರ ವ್ಯರ್ಥವಾಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಡೆಕ್ ಮೇಲೆ ಜಮಾಅತ್ ನಡೆಯುತ್ತಿತ್ತು. ಬಲ್ಲವರು ಹಜ್ಜ್‌ನ ವಿಧಿಗಳನ್ನು ಕಲಿಸುತ್ತಿದ್ದರು. ಯಲಮ್‌ಲಮ್‌ನ ನೇರಕ್ಕೆ ಹಡಗು ಬರುವ ಮುಂಚೆಯೇ ಎಲ್ಲರೂ ಇಹ್ರಾಮ್ ತೊಟ್ಟು ತಲ್ಬಿಯಾ ಹೇಳುತ್ತಿದ್ದರು. ಇಂದು ವಿಮಾನದಲ್ಲಿ ಮೀಕಾತ್‌ನ ರೇಖೆಯನ್ನು ಗಂಟೆಗೆ 800, 900 ಕಿಲೋಮೀಟರ್ ವೇಗದಲ್ಲಿ ದಾಟುತ್ತೇವೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆ ಗಡಿ ಹಿಂದೆ ಸರಿದಿರುತ್ತದೆ. ಆದ್ದರಿಂದಲೇ ಮನೆಯಲ್ಲಿ ಅಥವಾ ವಿಮಾನ ನಿಲ್ದಾಣದಲ್ಲೇ ಇಹ್ರಾಮ್ ಬಟ್ಟೆ ತೊಟ್ಟು ಸಿದ್ಧವಾಗಿರಿ ಎಂದು ತರಬೇತಿ ಶಿಬಿರಗಳಲ್ಲಿ ಒತ್ತಿ ಹೇಳುವುದು. ಹಡಗು ದಾರಿಯಲ್ಲಿ ಕಲಿಸುತ್ತಿದ್ದುದನ್ನು ವಿಮಾನದ ಹಾಜಿ ಮನೆಯಲ್ಲೇ ಕಲಿತು ಹೊರಡಬೇಕು.

ಭಾರತದಿಂದ ಹಡಗಿನ ಹಜ್ಜ್ ಯಾನ 1995ರಲ್ಲಿ ನಿಂತಿತು. ಅಂದಿನಿಂದ ಸರ್ಕಾರದ ಹಜ್ಜ್ ಸಮಿತಿಯ ಯಾತ್ರಿಕರೆಲ್ಲ ವಿಮಾನದಲ್ಲೇ ಹೋಗುತ್ತಾರೆ.

ಐದು ಗಂಟೆಯ ಹಿಂದಿನ ಕಾಯುವಿಕೆ

3,500 ಕಿಲೋಮೀಟರನ್ನು ವಿಮಾನದ ವೇಗದಿಂದ ಭಾಗಿಸಿದರೆ ನಾಲ್ಕು ಗಂಟೆ ಬರುತ್ತದೆ. ಏರುವುದು, ಇಳಿಯುವುದು, ಆಕಾಶದ ನಿಗದಿತ ದಾರಿಗಳನ್ನು ಹಿಡಿಯುವುದು, ಎದುರು ಗಾಳಿ ಇವೆಲ್ಲ ಸೇರಿ ಐದು ಗಂಟೆ ದಾಟುತ್ತದೆ. ಜಿದ್ದಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಬೆಳಗ್ಗೆ ಹತ್ತಕ್ಕೆ ಮುಂಬೈ ಬಿಟ್ಟವನು ಅಲ್ಲಿನ ಮಧ್ಯಾಹ್ನ ಒಂದರ ಹೊತ್ತಿಗೆ ಇಳಿಯುತ್ತಾನೆ.

ಹಾಗಾದರೆ ಕಾಯುವಿಕೆ ಮುಗಿಯಿತೇ? ಇಲ್ಲ. 1980ರ ದಶಕದ ಕೊನೆಯಲ್ಲಿ ಮುಸ್ಲಿಮ್ ರಾಷ್ಟ್ರಗಳ ಸಂಘಟನೆಯ ತೀರ್ಮಾನದಂತೆ ಪ್ರತಿ ಹತ್ತು ಲಕ್ಷ ಮುಸ್ಲಿಮರಿಗೆ ಸಾವಿರ ಮಂದಿಯಂತೆ ದೇಶವಾರು ಕೋಟಾ ಬಂದಿತು. ಹೋಗಬಲ್ಲವರು ಹೆಚ್ಚಾದರು, ಮಿನಾ ಮತ್ತು ಅರಫಾದ ಮೈದಾನ ಹಿಗ್ಗಲಿಲ್ಲ. 2024ರಲ್ಲಿ ಭಾರತದ ಪಾಲು 1,75,025. ಅರ್ಜಿಗಳು ಹೆಚ್ಚಾದ ಕಡೆ ಖುರ್ಆ, ಎಂದರೆ ಚೀಟಿ ಎತ್ತುವುದು. ಒಂದು ವರ್ಷ ಹೆಸರು ಬರದಿದ್ದರೆ ಮತ್ತೆ ಅರ್ಜಿ. ಸರ್ಕಾರದ ಸಬ್ಸಿಡಿ 2018ರಲ್ಲಿ ನಿಂತಿತು. ಸಾಮಾನ್ಯ ಕುಟುಂಬವೊಂದು ಹಣ ಕೂಡಿಡಲು ಹತ್ತಾರು ವರ್ಷ ಹಿಡಿಯುತ್ತದೆ. ಮಗಳ ಮದುವೆ, ಮಗನ ಓದು, ಮನೆಯ ಸಾಲ, ಆಮೇಲೆ ಹಜ್ಜ್. ಅಷ್ಟರಲ್ಲಿ ಮೊಣಕಾಲು ಸೋತಿರುತ್ತದೆ.

2020 ಮತ್ತು 2021ರಲ್ಲಿ ವಿಮಾನಗಳು ನಿಲ್ದಾಣದಲ್ಲೇ ನಿಂತವು. ಕೊರೋನಾ ಕಾರಣ ಹೊರದೇಶದ ಯಾತ್ರಿಕರಿಗೆ ಎರಡು ವರ್ಷ ಹಜ್ಜ್ ಇರಲಿಲ್ಲ. ಪ್ಲೇಗ್ ಕಾಲದಲ್ಲಿ ತಂದ ಅದೇ 1897ರ ಕಾಯ್ದೆಯನ್ನು 2020ರಲ್ಲಿ ನಮ್ಮ ದೇಶ ಮತ್ತೆ ಬಳಸಿತು. ಆಗ ಐದು ಗಂಟೆಯ ದೂರ ಗುಲ್‌ಬದನ್ ಬೇಗಂ ಅವರ ಸೂರತ್‌ಗಿಂತಲೂ ಉದ್ದವಾಯಿತು. ಚೀಟಿಯಲ್ಲಿ ಹೆಸರು ಬಂದು, ಹಣ ಕಟ್ಟಿ, ಇಹ್ರಾಮ್ ಬಟ್ಟೆ ತಂದಿಟ್ಟವರಲ್ಲಿ ಕೆಲವರು ಆ ಎರಡು ವರ್ಷಗಳಲ್ಲೇ ಅಲ್ಲಾಹನ ಕರೆಗೆ ಓಗೊಟ್ಟರು. ಅಂಥವರ ಮನೆಗಳು ನಮ್ಮ ಜಮಾಅತ್‌ಗಳಲ್ಲೂ ಇವೆ. ಅವರ ನಿಯ್ಯತ್ತಿನ ಪ್ರತಿಫಲ ಅಲ್ಲಾಹನ ಬಳಿ ನಷ್ಟವಾಗದು.

ನಾವು ತೆಗೆದುಕೊಳ್ಳಬೇಕಾದ ಪಾಠ

ಕುರ್‌ಆನ್ ಹಜ್ಜ್ ಅನ್ನು ಆ ಭವನದವರೆಗೆ ತಲುಪುವ ಸಾಮರ್ಥ್ಯವುಳ್ಳವರ ಮೇಲೆ ಕಡ್ಡಾಯ ಮಾಡಿದೆ. ಆಲಿ ಇಮ್ರಾನ್ ಅಧ್ಯಾಯದ 97ನೇ ವಚನದಲ್ಲಿ ಇದನ್ನು ಓದುತ್ತೇವೆ. ದೂರದ ಮಿತಿ ಅಲ್ಲಿಲ್ಲ. ಇಷ್ಟು ಮೈಲಿಯೊಳಗಿನವರು, ಇಷ್ಟು ದಿನದೊಳಗೆ ಮುಟ್ಟುವವರು ಎಂಬ ಮಾತಿಲ್ಲ. ಪ್ರತಿ ಕಾಲದ ಜನರಿಗೆ ಅವರ ಕಾಲದ ಸಾಮರ್ಥ್ಯವೇ ಅಳತೆ. ಗಾಳಿಯ ಕಾಲದವರಿಗೆ ಗಾಳಿ, ಪಾಸ್‌ನ ಕಾಲದವರಿಗೆ ದಾರಿಯ ಭದ್ರತೆ, ನಮಗೆ ಆರೋಗ್ಯ, ಹಣ ಮತ್ತು ಸರದಿ.

ಮೊದಲನೆಯ ಪಾಠ ಇದು. ಪ್ರಯಾಣ ಐದು ಗಂಟೆಯದೆಂದು ಹಜ್ಜ್ ಅನ್ನು ಮುಂದೂಡಬಾರದು. ಯಾವಾಗ ಬೇಕಾದರೂ ಹೋಗಬಹುದು ಎಂಬ ಭಾವನೆ ವಿಮಾನ ನಮಗೆ ಕೊಟ್ಟ ಮೋಸ. ಸಾಮರ್ಥ್ಯ ಬಂದೊಡನೆ ಹೊರಡಬೇಕೆಂಬುದು ಹನಫೀ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ದೃಢ ಸಂಕಲ್ಪವಿದ್ದರೆ ವಿಳಂಬಕ್ಕೆ ಅವಕಾಶವಿದೆ. ಆದರೆ ಹಾಗೆ ವಿಳಂಬಿಸಿ ಹೋಗದೆಯೇ ಮರಣ ಹೊಂದಿದರೆ ಹೊಣೆ ತಪ್ಪುವುದಿಲ್ಲವೆಂದು ಅಲ್ಲಿಯೂ ಎಚ್ಚರಿಸಲಾಗಿದೆ. ಎರಡೂ ಕಡೆಯ ಉಲಮಾಗಳು ಬೇಗ ಹೊರಡುವುದನ್ನೇ ಒಳಿತೆನ್ನುತ್ತಾರೆ.

ಎರಡನೆಯದು, ಮನೆಯ ಹಿರಿಯರ ಸರದಿಯನ್ನು ಕೊನೆಗೆ ಇಡಬಾರದು. ತಂದೆ ತಾಯಿ ನಡೆಯಬಲ್ಲಾಗ ಅವರ ಅರ್ಜಿ ತುಂಬಿಸಿ, ಪಾಸ್‌ಪೋರ್ಟ್ ಮಾಡಿಸಿ ಕೊಡುವುದು ಮಕ್ಕಳ ಕರ್ತವ್ಯ. ಚೇತರಿಕೆಯ ಆಸೆಯಿಲ್ಲದಷ್ಟು ದೇಹ ಸೋತವರಿಗೆ ಬದಲಿ ಹಜ್ಜ್‌ನ ವ್ಯವಸ್ಥೆ ಶರೀಅತ್‌ನಲ್ಲಿದೆ. ಅದರ ನಿಯಮಗಳನ್ನು ತಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಬೇಕು.

ಮೂರನೆಯದು, ಕಾಯುವ ಕಾಲವನ್ನು ನಮ್ಮ ಪೂರ್ವಿಕರು ಹೇಗೆ ಬಳಸಿದರೋ ಹಾಗೆ ಬಳಸೋಣ. ಹಾಯಿ ಹಡಗಿನ ಹಾಜಿ ಹೊರಡುವ ಮುಂಚೆ ಸಾಲ ತೀರಿಸುತ್ತಿದ್ದ, ಅಮಾನತ್ತುಗಳನ್ನು ಮರಳಿಸುತ್ತಿದ್ದ, ವಸಿಯ್ಯತ್ ಬರೆಯುತ್ತಿದ್ದ, ಮನೆ ಮನೆಗೆ ಹೋಗಿ ಮಾಫಿ ಕೇಳುತ್ತಿದ್ದ. ಮರಳಿ ಬರುವ ಖಾತ್ರಿ ಅವನಿಗಿರಲಿಲ್ಲ. ನಲವತ್ತು ದಿನದಲ್ಲಿ ಮರಳುವ ಟಿಕೆಟ್ ಜೇಬಿನಲ್ಲಿರುವುದರಿಂದ ನಾವು ಇದನ್ನೆಲ್ಲ ಕೈಬಿಡುತ್ತಿದ್ದೇವೆ. ಬೀಳ್ಕೊಡುಗೆಯ ಊಟ ಉಳಿದಿದೆ, ಫೋಟೋ ಉಳಿದಿದೆ. ಜಗಳವಾಡಿದ ತಮ್ಮನ ಮನೆಗೆ ಹೋಗಿ ಕೈ ಹಿಡಿಯುವುದು ಕಡಿಮೆಯಾಗಿದೆ. ಜಿದ್ದಾಕ್ಕೆ 3,500 ಕಿಲೋಮೀಟರ್ ಹಾರುವವನಿಗೆ ಪಕ್ಕದ ಬೀದಿಯ ತಮ್ಮನ ಮನೆ ದೂರವಾಗಬಾರದು.

ಚೀಟಿಯಲ್ಲಿ ಹೆಸರು ಬರಲು ಕಾಯುತ್ತಿರುವ ಪ್ರತಿಯೊಬ್ಬರೂ ಈ ವರ್ಷವೇ ತಮ್ಮ ಸಾಲದ ಪಟ್ಟಿ ಬರೆಯಲಿ. ಹಜ್ಜ್‌ನ ಹಣದಲ್ಲಿ ಬಡ್ಡಿಯೋ ಇನ್ನೊಬ್ಬರ ಪಾಲೋ ಸೇರಿದೆಯೇ ಎಂದು ನೋಡಿಕೊಳ್ಳಲಿ. ಹೆಣ್ಣುಮಕ್ಕಳಿಗೆ, ಸೋದರಿಯರಿಗೆ ಆಸ್ತಿಯಲ್ಲಿ ಸಲ್ಲಬೇಕಾದ ಹಕ್ಕು ಬಾಕಿಯಿದ್ದರೆ ಕೊಟ್ಟುಬಿಡಲಿ. ಹಜ್ಜ್‌ನ ವಿಧಿಗಳನ್ನು ಈಗಲೇ ಕಲಿಯಲಿ. ಹೀಗೆ ಕಳೆದ ಕಾಯುವಿಕೆ ಹಜ್ಜ್‌ನ ಹೊರಗಿನದಲ್ಲ, ಅದೂ ಪ್ರಯಾಣದ ಭಾಗವೇ.

ಗಾಳಿಗಾಗಿ ಕಾದವರ, ಕಮರಾನಿನಲ್ಲಿ ದಿನ ಎಣಿಸಿದವರ, ತದಡಿಯಿಂದ ಹೊರಟು ಮರಳದವರ ಹಜ್ಜ್ ಅನ್ನು ಅಲ್ಲಾಹನು ಸ್ವೀಕರಿಸಲಿ. ಸರದಿಯಲ್ಲಿ ನಿಂತಿರುವ ನಮ್ಮೆಲ್ಲರಿಗೆ ಆರೋಗ್ಯವಿರುವಾಗಲೇ, ಋಣಮುಕ್ತರಾಗಿರುವಾಗಲೇ ಆ ಐದು ಗಂಟೆಯ ಪ್ರಯಾಣವನ್ನು ಕರುಣಿಸಲಿ. ಆಮೀನ್.